ಮುತ್ತಿಗೂ ಮೂಗುಂಟು

ಒಬ್ಬರಿಗೆ ಒಂದು ಬಾಳಿಗೆ ಒಂದೇ ಲ್ಯಾಪ್‌ಟಾಪ್ ಎಂಬ ಕಾಯ್ದೆ ಬಂದ ಮೇಲೆ ಅದನ್ನು ಆರಿಸುವುದಕ್ಕೂ ಒಂದು ಶಾಸ್ತ್ರ ಹುಟ್ಟಿಕೊಂಡಿತು. ಹುಟ್ಟದೆ ಇನ್ನೇನು? ಎಸೆದ ಯಂತ್ರಗಳ ರಾಶಿಗಳು ಊರ ಹೊರಗೆ ತೆಂಗಿನ ಮರದೆತ್ತರ ಬೆಳೆದಿದ್ದವು, ಅವುಗಳಿಗೆ ಬೇಕಾದ ಲೋಹ ನೆಲದಡಿಯಲ್ಲಿ ಮುಗಿಯುತ್ತ ಬಂದಿತ್ತು. ಓದು ಮುಗಿಸಿದ ಪ್ರತಿಯೊಬ್ಬರಿಗೂ ಒಂದು ಬಾಳಯಂತ್ರ, ಮತ್ತೊಂದನ್ನು ಕೇಳುವ ಹಾಗಿಲ್ಲ ಎಂದು ಸರ್ಕಾರ ಹೇಳಿಬಿಟ್ಟಿತು. ಬಾಳಿಡೀ ಜೊತೆಗಿರುವಂಥದ್ದು ಎಂದ ಕೂಡಲೇ ಜನರಿಗೆ ಬೇರೊಂದು ಸಂಗತಿ ನೆನಪಾಯಿತು. ಅಂಗಡಿಗೆ ಒಬ್ಬರೇ ಹೋಗುವುದು ನಿಂತಿತು. ಒಳ್ಳೆಯ ದಿನ ಗೊತ್ತುಮಾಡಿ, ಪೆಟ್ಟಿಗೆಯಲ್ಲಿಟ್ಟ ಸೀರೆ ತೆಗೆದು ಉಟ್ಟು, ಹಿರಿಯರನ್ನು ಮುಂದಿಟ್ಟುಕೊಂಡು ಯಂತ್ರ ನೋಡಲು ಹೊರಡತೊಡಗಿದರು. ಅಂಗಡಿಯವರೇನು ಕಡಿಮೆಯೇ? ಗೋಳಿಬಜೆ, ಚಹಾ ಕೊಟ್ಟು ಕೂರಿಸಿ, ಯಂತ್ರವನ್ನು ತಟ್ಟೆಯಲ್ಲಿಟ್ಟು ಮೇಲೊಂದು ರೇಷ್ಮೆ ವಸ್ತ್ರ ಹೊದಿಸಿ ತಂದರು.

ಮುಲ್ಕಿಯ ಅಂಥದೊಂದು ಅಂಗಡಿಯಲ್ಲಿ ಸ್ವಸ್ತಿ ತಲೆ ತಗ್ಗಿಸಿ ಕುಳಿತಿದ್ದಳು. ಯಂತ್ರ ಅವಳದು, ಆದರೆ ಮಾತೆಲ್ಲ ಉಮಾನಾಥ ಮಾವನದು. ಅವರು ಅಮ್ಮನ ಅಣ್ಣ. ಹೆಜಮಾಡಿಯ ಅವರ ಮನೆಯಲ್ಲಿ ದೊಡ್ಡ ತೀರ್ಮಾನಗಳೆಲ್ಲ ಮಾವನ ಬಾಯಿಂದಲೇ ಬರುವುದು ಹಿಂದಿನಿಂದ ನಡೆದುಬಂದದ್ದು.

“ಇದು ನೋಡಿ, ಮುತ್ತು,” ಎಂದು ಅಂಗಡಿಯ ಹುಡುಗಿ ಮೊದಲ ವಸ್ತ್ರ ಸರಿಸಿದಳು.

ಮುತ್ತು ಹೆಸರಿಗೆ ತಕ್ಕ ಹಾಗಿತ್ತು. ಎಲ್ಲಿಯೂ ಒಂದು ಗೆರೆಯಿಲ್ಲ, ಒಂದು ಸ್ಕ್ರೂ ಇಲ್ಲ. ಒಳಗಿನದೆಲ್ಲವನ್ನೂ ಅಂಟಿನಲ್ಲಿ ಮುಳುಗಿಸಿ ಮುಚ್ಚಿದ್ದರು. ಮುಚ್ಚಳದ ನಟ್ಟನಡುವೆ ಬಟಾಣಿಯಷ್ಟು ದೊಡ್ಡ ಬೆಳ್ಳಿಯ ಉಂಗುರವೊಂದು ಹೊಳೆಯುತ್ತಿತ್ತು.

“ಉಪ್ಪುಗಾಳಿ ಇದರ ಹತ್ರ ಸುಳಿಯುದಿಲ್ಲ ಸರ್. ನೀರಲ್ಲಿ ಹಾಕಿದ್ರೂ ಏನಾಗುದಿಲ್ಲ.”

“ನನಗೆ ಹೇಳ್ಬೇಡಿ. ತಂಗಿಗೆ ಇದನ್ನು ಆರಿಸಿ ಕೊಟ್ಟವ ನಾನೇ,” ಎಂದು ಮಾವ ಬೀಗಿದರು. “ಸಮುದ್ರದ ಹತ್ರ ಇರುವವರಿಗೆ ಬೇರೆ ಎಂತದೂ ಆಗುದಿಲ್ಲ. ಆ ಇನ್ನೊಂದು ಎಂತ?”

ಇನ್ನೊಂದರ ಮೇಲಿನ ವಸ್ತ್ರ ತೆಗೆದಾಗ ಮಾವನ ಮುಖ ಹುಳ್ಳಗಾಯಿತು. ಅದು ದಪ್ಪಗಿತ್ತು, ಮೂಲೆ ಮೂಲೆಗೆ ಸ್ಕ್ರೂಗಳಿದ್ದವು, ಎರಡೂ ಪಕ್ಕದಲ್ಲಿ ತೆರೆಯುವ ಮುಚ್ಚಳಗಳು ಕೊಂಬಿನ ಹಾಗೆ ಚಾಚಿದ್ದವು. ಕರಾವಳಿಯವರು ಅದಕ್ಕೆ ಏಡಿ ಎಂದೇ ಹೆಸರಿಟ್ಟಿದ್ದರು.

“ಅಯ್ಯ, ಇದೆಂತ, ಆಪರೇಶನ್ ಆಗಿ ಹೊಲಿಗೆ ಹಾಕಿದ ಹಾಗುಂಟು!”

“ಬಿಚ್ಚಲಿಕ್ಕೆ ಆಗ್ತದೆ ಸರ್. ಬ್ಯಾಟರಿ, ಪರದೆ, ಕೀಲಿಮಣೆ, ಮೆಮೊರಿ ಎಲ್ಲ ಬೇರೆ ಬೇರೆ. ಹಾಳಾದದ್ದನ್ನು ಮಾತ್ರ ಬದಲಿಸಿದ್ರೆ ಆಯ್ತು. ಈ ಪಕ್ಕದ ಕಿಂಡಿ ಖಾಲಿ, ಮುಂದೆ ಎಂತ ಬೇಕಾದ್ರೂ ಕೂರಿಸ್ಬಹುದು. ಈಗಿನ ವೇಗ ಮಾತ್ರ ಮುತ್ತಿನಷ್ಟಿಲ್ಲ.”

“ನಿಧಾನವೂ ಉಂಟು, ಚಂದವೂ ಇಲ್ಲ. ಮತ್ತೆ ಇಟ್ಟದ್ದು ಯಾಕೆ?”

ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಸ್ವಸ್ತಿ ಏಡಿಯ ಪರದೆಯನ್ನು ಒಂದೇ ಬೆರಳಿನಲ್ಲಿ ಎತ್ತಿದಳು. ಬಿಟ್ಟಲ್ಲಿ ಅದು ಅಲುಗದೆ ನಿಂತಿತು. ಕೀಲಿಗಳನ್ನು ಒತ್ತಿದರೆ ಬೆರಳಿಗೆ ‘ಹೂಂ’ ಎಂದು ಉತ್ತರ ಕೊಟ್ಟ ಹಾಗಿತ್ತು. ಅವಳಿಗೆ ಅದು ಹಿಡಿಸಿಬಿಟ್ಟಿತು. ಹೇಳಲು ಬಾಯಿ ಬರಲಿಲ್ಲ. ಅವಳಿಗೆ ಯಾವತ್ತೂ ಬರುತ್ತಿರಲಿಲ್ಲ. ಬಸ್ಸಿನಲ್ಲಿ, ಅಂಗಡಿಯಲ್ಲಿ, ಕಾಲೇಜಿಗೆ ಸೇರುವಾಗ ಅವಳ ಮಾತನ್ನೆಲ್ಲ ಆಡಿದ್ದು ಅಮ್ಮನೇ.

ಅಮ್ಮ ಶಕುಂತಳಾ ಪಕ್ಕದಲ್ಲೇ ಇದ್ದಳು. ಅವಳ ಕುತ್ತಿಗೆಗೆ ಮೆತ್ತನೆಯ ಒಂದು ಪಟ್ಟಿ, ಮಡಿಲಲ್ಲಿ ಅವಳ ಮುತ್ತು. ಗಂಟಲಿನ ಗಡ್ಡೆಗೆಂದು ಶಸ್ತ್ರಚಿಕಿತ್ಸೆಯಾಗಿ ಧ್ವನಿಪೆಟ್ಟಿಗೆ ಹೋದ ಮೇಲೆ ಅಮ್ಮನ ದನಿ ಇರುವುದು ಆ ಯಂತ್ರದೊಳಗೆ. ಅಮ್ಮ ತುಟಿ ಆಡಿಸಿದರೆ ಗಂಟಲ ಸ್ನಾಯುಗಳ ಮಿಡಿತವನ್ನು ಪಟ್ಟಿ ಓದುತ್ತದೆ, ಕಾರ್ಖಾನೆಯಲ್ಲೇ ಯಂತ್ರದೊಳಗೆ ಕೂರಿಸಿ ಮುಚ್ಚಿದ ಸ್ವರಫಲಕ ಅದನ್ನು ಅಮ್ಮನದೇ ಹಳೆಯ ದನಿಯಲ್ಲಿ ನುಡಿಯುತ್ತದೆ. ಒಬ್ಬರಿಗೆ ಒಂದೇ ಫಲಕ. ಬೇರೆಯವರ ದನಿಯಲ್ಲಿ ಮಾತಾಡಿ ಮೋಸಮಾಡುವ ಕಳ್ಳದನಿಗಳ ಹಾವಳಿಯಾದ ಮೇಲೆ ದನಿಯನ್ನು ನಕಲು ಮಾಡುವುದನ್ನೇ ಸರ್ಕಾರ ನಿಲ್ಲಿಸಿಬಿಟ್ಟಿತ್ತು.

“ಉಮಣ್ಣಾ, ಅವಳನ್ನೂ ಒಂದು ಮಾತು ಕೇಳು,” ಎಂದಿತು ಮುತ್ತು ಅಮ್ಮನ ದನಿಯಲ್ಲಿ. “ಕಟ್ಟಿಕೊಳ್ಳುವವಳು ಅವಳು. ಅವಳು ಏಡಿಯನ್ನು ಮುಟ್ಟಿ ಮುಟ್ಟಿ ನೋಡಿದ್ದನ್ನು ನಾನು...”

ಅಷ್ಟಕ್ಕೆ ದನಿ ನಿಂತಿತು, ಈಚೆಗೆ ಆಗಾಗ ಆಗುತ್ತಿದ್ದ ಹಾಗೆ. ಅಮ್ಮನ ತುಟಿಗಳು ಆಡುತ್ತಲೇ ಇದ್ದವು. ಅವಳು ಯಂತ್ರವನ್ನು ತಟ್ಟಿದಳು, ಓರೆ ಮಾಡಿದಳು. ಸ್ವಲ್ಪ ಹೊತ್ತಿನ ಮೇಲೆ ಅದರೊಳಗಿಂದ ಗಾಳಿ ಊದಿದ ಹಾಗೆ ಒಂದು ಸದ್ದು ಬಂತು, ಅಷ್ಟೆ.

“ಉಷ್ಣ ಆಗಿರ್ಬೇಕು,” ಎಂದರು ಮಾವ ಅವಸರದಲ್ಲಿ. “ಆಯುಧ ಪೂಜೆಯ ಮೊದಲು ಮುತ್ತೇ ಬರೆಸಿ ಬಿಡುವ. ಆಯ್ತಲ್ಲ ಮಗಾ?”

ಸ್ವಸ್ತಿ ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ಅವಳಿಗೇ ತಿಳಿಯಲಿಲ್ಲ.

* * *

ಬೋಟುಗಳು ಬಂದು ನಿಲ್ಲುವ ಮೀನಿನ ದಕ್ಕೆಯಲ್ಲಿ ಏಲಂ ಕೂಗುವವರಲ್ಲಿ ಶಕುಂತಳೆಗೆ ಸಮಾನರಿಲ್ಲ ಎಂಬುದು ಊರಿಗೇ ಗೊತ್ತಿದ್ದ ಮಾತು. ಬಂಗುಡೆಯ ಬುಟ್ಟಿಯೊಂದನ್ನು ಮುಂದಿಟ್ಟುಕೊಂಡು ಅವಳು ಬಾಯಿ ತೆರೆದರೆ ಕೊಳ್ಳಲು ಬಂದವರು ನಗುತ್ತ ನಗುತ್ತ ಬೆಲೆ ಏರಿಸುತ್ತಿದ್ದರು. “ಏನು ಪುತ್ರನ್ನರೇ, ಮೀನು ನೋಡ್ತೀರಾ, ಅದರ ಜಾತಕ ನೋಡ್ತೀರಾ?” ಎಂದು ವ್ಯಾಪಾರಿಯೊಬ್ಬರನ್ನು ಕೆಣಕಿದರೆ ಆ ಪುತ್ರನ್ನರು ಮಾನ ಉಳಿಸಿಕೊಳ್ಳಲು ಒಂದು ಮಾತು ಮೇಲೆ ಕೂಗಲೇಬೇಕು. ಶಸ್ತ್ರಚಿಕಿತ್ಸೆಯ ಮೇಲೂ ಇದು ನಿಂತಿರಲಿಲ್ಲ. ಬುಟ್ಟಿಯ ಪಕ್ಕ ಮಣೆಯ ಮೇಲೆ ಮುತ್ತನ್ನಿಟ್ಟು ಅದೇ ಠೀವಿಯಲ್ಲಿ ಕೂಗುತ್ತಿದ್ದಳು.

ಅಂಗಡಿಯಿಂದ ಬಂದ ಮಾರನೆಯ ಬೆಳಿಗ್ಗೆ ಸ್ವಸ್ತಿ ಕೆಲಸಕ್ಕೆ ಹೋಗುವ ದಾರಿಯಲ್ಲಿ ದಕ್ಕೆಯ ಬಳಿ ಇಳಿದಳು. ದೊಡ್ಡ ಅಂಜಲ್ ಮೀನಿನ ಏಲಂ ನಡೆಯುತ್ತಿತ್ತು. ಅಮ್ಮನ ದನಿ ಬೋಟಿನ ಸದ್ದನ್ನು ಮೀರಿ ಏರುತ್ತಿತ್ತು. ಏರಿದ್ದು ಅರ್ಧಕ್ಕೇ ಕಡಿದುಹೋಯಿತು.

ಸುತ್ತ ನಿಂತವರು ಕಾದರು. ಅಮ್ಮ ಕೈಯೆತ್ತಿ ಬೆರಳಲ್ಲಿ ಲೆಕ್ಕ ತೋರಿಸಿದಳು. ಯಾರೋ ಕೆಮ್ಮಿದರು. ಕೊಳ್ಳಲು ಬಂದವರಲ್ಲಿ ಒಬ್ಬೊಬ್ಬರೇ ಪಕ್ಕದ ಬುಟ್ಟಿಯ ಕಡೆ ಜಾರಿದರು. ಯಾರೂ ಕೆಟ್ಟ ಮಾತಾಡಲಿಲ್ಲ. “ಅಕ್ಕ ಸ್ವಲ್ಪ ಕೂತ್ಕೊಳ್ಳಲಿ,” ಎಂದು ಒಬ್ಬ ಮೆತ್ತಗೆ ಹೇಳಿದ್ದೇ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಅಮ್ಮ ಬುಟ್ಟಿಯ ಅಂಚನ್ನು ಹಿಡಿದು ನಿಂತಿದ್ದಳು. ಅವಳ ಬಾಯಿ ಇನ್ನೂ ಆಡುತ್ತಿತ್ತು.

ಆ ಬಾಯಿಯ ಮಾತನ್ನು ತಾನಾದರೂ ಕೂಗಬಹುದಿತ್ತು ಎಂದು ಸ್ವಸ್ತಿಗೆ ಬಸ್ಸು ಹತ್ತಿದ ಮೇಲೆ ಹೊಳೆಯಿತು. ತುಟಿಯ ಚಲನೆ ನೋಡಿಯೇ ಅವಳಿಗೆ ಎಲ್ಲ ಅರ್ಥವಾಗಿತ್ತು. ಆಗ ಗಂಟಲಿನಿಂದ ಏನೂ ಹೊರಟಿರಲಿಲ್ಲ.

* * *

ಸ್ವಸ್ತಿ ತರಬೇತಿಗೆ ಸೇರಿದ್ದು ಗುಡ್ಡೆಯ ಮೇಲಿನ ಕರಾವಳಿ ಯಂತ್ರ ಪರೀಕ್ಷಾಲಯಕ್ಕೆ. ಅಲ್ಲಿಯ ದೊಡ್ಡ ಕೋಣೆಯೊಂದರಲ್ಲಿ ಹಗಲಿಡೀ ಉಪ್ಪುಮಂಜು ಸುರಿಯುತ್ತಿತ್ತು. ಗಾಜಿನ ಗೋಡೆಯ ಆಚೆ ಸಾಲಾಗಿ ಇಟ್ಟ ಮುತ್ತುಗಳು ಆ ಮಂಜಿನಲ್ಲಿ ಬಿಸಿಯಾಗುತ್ತ, ತಣಿಯುತ್ತ, ಕೆಲವೇ ವಾರಗಳಲ್ಲಿ ಒಂದಿಡೀ ಆಯುಸ್ಸನ್ನು ಕಳೆಯುತ್ತಿದ್ದವು. ಅಲ್ಲಿ ಯಾವ ಮುತ್ತೂ ಸತ್ತದ್ದಿಲ್ಲ.

ಸಾಯುತ್ತಿದ್ದುದು ಮನೆಗಳಲ್ಲಿ. ಉಳ್ಳಾಲದಿಂದ ಬೈಂದೂರಿನವರೆಗೆ ಊರೂರಿನಿಂದ ಸತ್ತ ಮುತ್ತುಗಳು ಪೆಟ್ಟಿಗೆಯಲ್ಲಿ ಬರುತ್ತಿದ್ದವು. ಕಂಪನಿಯ ಒಪ್ಪಿಗೆಯಿಲ್ಲದೆ ಬಿಚ್ಚುವ ಹಾಗಿಲ್ಲ, ಬಿಚ್ಚಲು ದಾರಿಯೂ ಇಲ್ಲ. ಹೊರಗಿನಿಂದ ಚಿತ್ರ ತೆಗೆದು ‘ಬಳಸಿದವರ ಅಜಾಗ್ರತೆ’ ಎಂದು ಷರಾ ಹಾಕಿ ಕಳಿಸುವುದು ವಾಡಿಕೆ. ಚಿತ್ರ ತೆಗೆಯುವ ಕೆಲಸ ಸ್ವಸ್ತಿಯದು. ಮಾತಿಲ್ಲದ ಕೆಲಸವಾದ್ದರಿಂದ ಅವಳಿಗೆ ಹಿತವಾಗಿತ್ತು.

“ಎಂತ ಮಾರಾಯ್ತಿ, ಮುಖ ಬಾಡಿದ ಬಸಳೆ ಹಾಗೆ?” ಎಂದಳು ಜೊತೆಯ ವಿಲ್ಮಾ ಡಿಮೆಲ್ಲೊ, ಮಾತು ಇಬ್ಬರಿಗಾಗುವಷ್ಟು ಇದ್ದವಳು. “ಅಮ್ಮನ ಯಂತ್ರವಾ?”

ಸ್ವಸ್ತಿ ಹೂಂಗುಟ್ಟಿದಳು.

“ವಿಚಿತ್ರ ನೋಡು. ನಮ್ಮ ಡ್ಯಾಡಿಯ ಮುತ್ತು ಅದಕ್ಕಿಂತ ಹಳತು. ಬೋಟಿಗೆ ತಕೊಂಡು ಹೋಗ್ತಾರೆ, ಅದರ ಮೇಲೆಯೇ ಮೀನು ಇಡ್ತಾರೆ. ಕಲ್ಲಿನ ಹಾಗೆ ಉಂಟು. ಪಕ್ಕದ್ಮನೆ ಹಮೀದ್ ಕಾಕರದ್ದೂ ಗಟ್ಟಿಯುಂಟು. ನಿಮ್ಮ ಮನೆಗಳಲ್ಲಿ ಎಂತ, ಚಟ್ನಿ ಅರೀತೀರಾ ಅದರಲ್ಲಿ?”

ತಮಾಷೆಗೆ ಹೇಳಿದ ಮಾತು ಸ್ವಸ್ತಿಯ ತಲೆಯಲ್ಲಿ ಮುಳ್ಳಿನ ಹಾಗೆ ಕೂತುಬಿಟ್ಟಿತು. ವಿಲ್ಮಾ ಆಚೆ ಹೋದ ಮೇಲೆ ಅವಳು ಹಳೆಯ ಚಿತ್ರಗಳನ್ನೆಲ್ಲ ಮತ್ತೆ ತೆರೆದಳು. ಪೆಟ್ಟಿಗೆಗಳ ಮೇಲಿನ ಹೆಸರುಗಳು ಸಾಲ್ಯಾನ್, ಶೆಟ್ಟಿ, ಭಟ್, ಪೂಜಾರಿ, ಆಚಾರ್ಯ. ಡಿಸೋಜಾ, ಅಬ್ದುಲ್ಲ ಎಂಬವು ಅಪರೂಪಕ್ಕೊಂದು. ಉಪ್ಪುಗಾಳಿ ಮನೆಯ ಹೆಸರು ಕೇಳಿಕೊಂಡು ಬೀಸುತ್ತದೆಯೇ?

ಚಿತ್ರಗಳನ್ನು ದೊಡ್ಡದು ಮಾಡಿದಳು. ಮುಚ್ಚಳದ ನಡುವಿನ ಬೆಳ್ಳಿಯ ಉಂಗುರ ಹೊಸ ಮುತ್ತಿನಲ್ಲಿ ಹೊಳೆಯುತ್ತದೆ, ಸತ್ತವುಗಳಲ್ಲಿ ಮಂಕಾಗಿದೆ. ಅದರ ಒಳಗೆ ಹಳದಿ ಬೆರೆತ ಬಿಳಿಯ ಗಸಿಯಂಥದ್ದೇನೋ ತುಂಬಿ ಗಟ್ಟಿಯಾಗಿದೆ. ಅಂಚಿನಲ್ಲಿ ಕೆಂಪಿನ ಚುಕ್ಕೆ. ಇಷ್ಟು ದಿನ ಅದನ್ನು ಕೊಳೆ ಎಂದುಕೊಂಡು ಒರೆಸದೆ ಚಿತ್ರ ತೆಗೆದಿದ್ದಳು.

* * *

ಆ ಸಂಜೆ ಮನೆಯಲ್ಲಿ ಮಾವ ದೇವರ ದೀಪ ಹಚ್ಚಿ, ಸಾಣೆಕಲ್ಲಿನಲ್ಲಿ ಗಂಧ ತೇಯುತ್ತ ಕೂತಿದ್ದರು. ಅಂದು ಶುಕ್ರವಾರ. ಅಮ್ಮನ ದನಿ ಆಗಾಗ ಕಡಿಯತೊಡಗಿದಾಗಿನಿಂದ, ವರ್ಷಕ್ಕೊಮ್ಮೆಯ ಆಯುಧ ಪೂಜೆಗೆ ಕಾಯದೆ ಪ್ರತಿ ಶುಕ್ರವಾರವೂ ಯಂತ್ರಕ್ಕೆ ಪೂಜೆ ಸಲ್ಲಿಸುವ ನೇಮ ಹಿಡಿದಿದ್ದರು. ತೇದ ಗಂಧವನ್ನು ನಡುಬೆರಳಲ್ಲಿ ದಪ್ಪಗೆ ತೆಗೆದರು. ಮುತ್ತಿನ ಮುಚ್ಚಳದ ಬೆಳ್ಳಿಯ ಉಂಗುರದೊಳಗೆ, ಎಳ್ಳಷ್ಟೂ ಆಚೀಚೆ ಆಗದಂತೆ, ಬೊಟ್ಟಿಟ್ಟರು. ಅದರ ಮೇಲೆ ಕುಂಕುಮ.

“ಇದನ್ನು ಮಾಡಿದವನಿಗೆ ಬುದ್ಧಿಯುಂಟು ನೋಡು,” ಎಂದರು. “ಬೊಟ್ಟು ಇಡ್ಲಿಕ್ಕೆ ಅಂತಲೇ ಜಾಗ ಬಿಟ್ಟಿದ್ದಾನೆ.”

ಸ್ವಸ್ತಿ ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟಳು. ಹೇಳಬೇಕೆನಿಸಿತು. ಆದರೆ ಏನೆಂದು ಹೇಳುವುದು? ಅಂದಾಜನ್ನು ಮಾತ್ರ ಹಿಡಿದುಕೊಂಡು, ದೇವರ ಮುಂದೆ ಕೂತ ಮಾವನಿಗೆ? ಅವರು ಆಚೆ ಹೋದ ಮೇಲೆ ಬಟ್ಟೆಯ ತುದಿಯಿಂದ ಬೊಟ್ಟನ್ನು ಒರೆಸಿದಳು. ಮೇಲಿನದು ಬಂತು, ಒಳಗೆ ಕಲ್ಲಾಗಿದ್ದುದು ಬರಲಿಲ್ಲ. ಉಳಿದ ಗಂಧವನ್ನು ಬಾಳೆ ಎಲೆಯ ಚೂರಿನಲ್ಲಿ ಕಟ್ಟಿ ಚೀಲಕ್ಕೆ ಹಾಕಿಕೊಂಡಳು.

ಮರುದಿನ ಪರೀಕ್ಷಾಲಯದಲ್ಲಿ ಯಾರಿಗೂ ಹೇಳದೆ ಎರಡು ಹೊಸ ಮುತ್ತುಗಳನ್ನು ತೂಗಿದಳು. ಒಂದರ ಉಂಗುರಕ್ಕೆ ಮಾವ ಇಡುವ ಹಾಗೆಯೇ ದಪ್ಪಗೆ ಗಂಧವಿಟ್ಟು ಒಣಗಿಸಿ ಮತ್ತೊಮ್ಮೆ ತೂಗಿದಳು, ಇನ್ನೊಂದನ್ನು ಹಾಗೆಯೇ ಬಿಟ್ಟಳು. ಎರಡನ್ನೂ ಉಪ್ಪುಮಂಜಿನ ಕೋಣೆಯ ಹಿಂದಿನ ಸಾಲಿನಲ್ಲಿ ಕೂರಿಸಿದಳು.

ಅಮ್ಮನ ದನಿ ಆ ವಾರದಲ್ಲಿ ಪೂರ್ತಿ ನಿಂತೇಹೋಯಿತು. ದಕ್ಕೆಗೆ ಹೋಗುವುದನ್ನು ಬಿಟ್ಟಳು. ಹೇಳಬೇಕಾದದ್ದನ್ನು ಮಗಳ ಅಂಗೈ ಮೇಲೆ ಬೆರಳಿನಿಂದ ಬರೆಯುತ್ತಿದ್ದಳು. ಮೊದಲು ಉದ್ದುದ್ದ ಬರೆಯುತ್ತಿದ್ದವಳು ಬರಬರುತ್ತ ‘ಉಪ್ಪು’, ‘ಸಾಕು’, ‘ಮಲಗು’ ಎಂಬಲ್ಲಿಗೆ ಇಳಿದಳು. ಅಷ್ಟು ದೊಡ್ಡ ಮಾತುಗಾತಿ ಅಷ್ಟು ಸಣ್ಣ ಮಾತುಗಳಲ್ಲಿ ಬದುಕುವುದನ್ನು ನೋಡುವುದು ಸ್ವಸ್ತಿಗೆ ಕಷ್ಟವಾಯಿತು.

* * *

“ಯಂತ್ರಕ್ಕೆ ಬೊಟ್ಟು ಇಟ್ಟವರು ಯಾರು?”

ಪರೀಕ್ಷಾಲಯದ ಮುಖ್ಯಸ್ಥರಾದ ಡಾ. ರಾಜಗೋಪಾಲ ಹೆಬ್ಬಾರರು ಆ ಮುತ್ತನ್ನು ಎತ್ತಿ ಹಿಡಿದು ಸಭೆಯ ಮೇಜಿನ ಮೇಲಿಟ್ಟರು. ಅವರದು ಕೋಪ ಬಂದಷ್ಟೂ ಮೆಲ್ಲಗಾಗುವ ದನಿ. “ಇದು ಲ್ಯಾಬೋರೇಟರಿ. ಮನೆಯ ದೇವರಕೋಣೆ ಅಲ್ಲ.”

ಮೇಜಿನ ಅಡಿಯಲ್ಲಿ ವಿಲ್ಮಾ ಅವಳ ಕಾಲನ್ನು ತುಳಿದಳು. ಸ್ವಸ್ತಿಯ ಕಿವಿಗಳು ಕಾದುಹೋದವು. ಬೇರೆ ದಿನವಾಗಿದ್ದರೆ ಅಮ್ಮ ಬಂದು ಮಾತಾಡಲಿ ಎಂದು ಮನಸ್ಸು ಎಂದಿನಂತೆ ಕಾಯುತ್ತಿತ್ತೇನೋ. ಅಮ್ಮ ಈಗ ಬರುವ ಹಾಗಿರಲಿಲ್ಲ.

“ನಾನು ಸರ್.”

“ಜೋರಾಗಿ ಹೇಳಿ.”

“ನಾನು ಇಟ್ಟದ್ದು. ಅದನ್ನು... ಒಮ್ಮೆ ತೂಗಿ ನೋಡ್ಬೇಕು ಸರ್. ಇನ್ನೊಂದನ್ನೂ.”

ಹೆಬ್ಬಾರರು ಹುಬ್ಬೇರಿಸಿದರು. ಆದರೂ ತೂಗಿಸಿದರು. ಬೊಟ್ಟಿಲ್ಲದ ಮುತ್ತು ಮೊದಲಿನಷ್ಟೇ ಇತ್ತು. ಬೊಟ್ಟಿಟ್ಟದ್ದು ಭಾರವಾಗಿತ್ತು. ಗಂಧದ ತೂಕ ಕಳೆದರೂ ಭಾರವಾಗಿತ್ತು.

“ಒಳಗೆ ನೀರು ಹೋಗಿದೆ,” ಎಂದರು ಹೆಬ್ಬಾರರು, ಈಗ ಬೇರೆ ದನಿಯಲ್ಲಿ. “ಹೇಗೆ?”

ಸ್ವಸ್ತಿ ಬಿಳಿಹಲಗೆಯ ಬಳಿ ಹೋದಳು. ಜನರಿಗೆ ಬೆನ್ನು ಹಾಕಿ ಚಿತ್ರ ಬರೆಯುತ್ತಿದ್ದರೆ ಮಾತು ಸ್ವಲ್ಪ ಸುಲಭವಾಗುತ್ತಿತ್ತು. ಯಂತ್ರ ಕೆಲಸ ಮಾಡುವಾಗ ಬಿಸಿಯಾಗುತ್ತದೆ. ಒಳಗಿನ ಗಾಳಿ ಉಬ್ಬುತ್ತದೆ, ಹೊರಗೆ ಹೋಗಬೇಕು. ನಿಲ್ಲಿಸಿದಾಗ ತಣಿಯುತ್ತದೆ, ಹೊರಗಿನ ಗಾಳಿಯನ್ನು ಒಳಗೆಳೆಯುತ್ತದೆ. ಅಂದರೆ ಎಷ್ಟು ಮುಚ್ಚಿದರೂ ಅದು ಉಸಿರಾಡಲೇಬೇಕು. ಆ ಬೆಳ್ಳಿಯ ಉಂಗುರದ ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರವಿರಲೇಬೇಕು, ಅದರ ಹಿಂದೆ ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ಒಂದು ಪೊರೆ. ಜನ ಸೂಜಿ ಚುಚ್ಚಿ ನೋಡಿಯಾರು ಎಂದೇ ಇರಬೇಕು, ಕಂಪನಿ ಅದರ ವಿಷಯ ಎಲ್ಲಿಯೂ ಹೇಳಿಲ್ಲ, ಅಲಂಕಾರವೆಂದು ಬಿಟ್ಟಿದೆ.

“ಅದು ಮುತ್ತಿನ ಮೂಗು ಸರ್. ನಾವು ಅದಕ್ಕೆ ಗಂಧ ಮೆತ್ತಿ ಮುಚ್ಚುತ್ತೇವೆ. ಮೂಗು ಕಟ್ಟಿದ ಮೇಲೆ ಅದು ಪರದೆಯ ಸಂದಿಯ ಅಂಟಿನಿಂದ ಉಸಿರು ಎಳೀತದೆ. ಅಲ್ಲಿ ಪೊರೆ ಇಲ್ಲ. ಉಪ್ಪುನೀರು ಒಳಗೆ ಹೋಗ್ತದೆ, ಹೊರಗೆ ಬರಲಿಕ್ಕೆ ದಾರಿ ಇಲ್ಲ. ನಾವು ಇಲ್ಲಿ ಪರೀಕ್ಷೆ ಮಾಡುವ ಯಂತ್ರಗಳಿಗೆ ಯಾರೂ ಪೂಜೆ ಮಾಡುದಿಲ್ಲ. ಅದಕ್ಕೇ ಇಲ್ಲಿ ಒಂದೂ ಸಾಯ್ಲಿಲ್ಲ.”

ಯಾರೋ ನಕ್ಕರು, ಆದರೆ ಅವಳನ್ನು ನೋಡಿ ಅಲ್ಲ. ವಿಲ್ಮಾ ಎದ್ದು ನಿಂತು, “ನಾನು ಹೇಳಿದ್ದೆ ಸರ್, ನಮ್ಮ ಡ್ಯಾಡಿಯದ್ದು ಕಲ್ಲಿನ ಹಾಗೆ ಉಂಟು ಅಂತ!” ಎಂದು ಕೀರ್ತಿಯಲ್ಲಿ ತನ್ನ ಪಾಲನ್ನು ಪಡೆದುಕೊಂಡಳು.

ಹೆಬ್ಬಾರರು ಹಲಗೆಯ ಹತ್ತಿರ ಬಂದು ಉಂಗುರದ ಚಿತ್ರದ ಮೇಲೆ ಬೆರಳಿಟ್ಟರು. “ಕಂಪನಿಯ ಬಾಯಿ ಮುಚ್ಚಿಸಬೇಕಾದರೆ ತೂಕ ಸಾಲದು,” ಎಂದರು. “ಮನೆಯಲ್ಲಿ ಬಳಸಿದ ಒಂದನ್ನು ಕತ್ತರಿಸಿ ಒಳಗೆ ತೋರಿಸಬೇಕು. ಕಾರಣ ಇದ್ದರೆ ಒಂದನ್ನು ಕತ್ತರಿಸುವ ಅಧಿಕಾರ ನನಗಿದೆ. ಪೂರ್ತಿ ಸತ್ತದ್ದು ಬೇಡ, ಒಳಗೆ ಎಲ್ಲ ತುಕ್ಕಾಗಿರ್ತದೆ. ಈಗಷ್ಟೇ ಕೆಟ್ಟದ್ದು, ಯಾವಾಗಿನಿಂದ ಹೇಗೆ ಪೂಜೆ ಆಗಿದೆ ಅಂತ ಗೊತ್ತಿರುವಂಥದ್ದು ಸಿಗ್ತದಾ?”

ಸಿಗುತ್ತದೆ ಎಂದು ಸ್ವಸ್ತಿಗೆ ಗೊತ್ತಿತ್ತು. ಅದರ ಹಿಂದೆಯೇ ಬರುವ ಪ್ರಶ್ನೆಯೂ ಗೊತ್ತಿತ್ತು.

“ಒಳಗಿನ ಸ್ವರಫಲಕ ಉಳೀತದಾ ಸರ್?”

“ಅಂಟಿನಿಂದ ಬಿಡಿಸುವಾಗ ಸೀಳಿದರೆ ಮುಗೀತು. ಸುಳ್ಳು ಹೇಳುದಿಲ್ಲ, ಸೀಳಿದರೂ ಸೀಳೀತು. ಬಿಡಿಸದೆ ಇಟ್ಟರೆ ಉಪ್ಪು ತಿಂದು ಮುಗಿಸ್ತದೆ. ಉಳಿದರೆ ಒಣಗಿಸಿ ಕೂಡಲೇ ಇನ್ನೊಂದು ಯಂತ್ರದಲ್ಲಿ ಕೂರಿಸಬೇಕು. ಹಾಗೆ ಕೂರಿಸಲಿಕ್ಕೆ ಮುತ್ತಿನಲ್ಲಿ ಜಾಗ ಇಲ್ಲ, ಗೊತ್ತಲ್ಲ?”

* * *

ಮನೆಯಲ್ಲಿ ಅವಳು ಹೇಳಿ ಮುಗಿಸಿದಾಗ ಮಾವ ಜಗಲಿಯ ಕಂಬಕ್ಕೆ ಒರಗಿ ಕೂತುಬಿಟ್ಟರು. ಮೊದಲು ನಂಬಲಿಲ್ಲ. ಆಮೇಲೆ ನಂಬಿದರು, ಅದು ಇನ್ನೂ ಕಷ್ಟವಾಯಿತು.

“ನಾನು ಬೇಡಿಕೊಂಡದ್ದು ಅದು ಗಟ್ಟಿಯಾಗಿರಲಿ ಅಂತ,” ಎಂದರು. “ಹೋದ ವರ್ಷ ಇನ್ನೂ ದಪ್ಪ ಇಟ್ಟಿದ್ದೆ. ಶಕ್ಕೂ, ನಿನ್ನ ದನಿಯನ್ನು ನಾನೇ...”

ಅಮ್ಮ ಮಗಳ ಕೈ ಎಳೆದು ಅಂಗೈ ಮೇಲೆ ಸರಸರ ಬರೆದಳು. ಸ್ವಸ್ತಿಗೆ ನಗು ತಡೆಯಲಾಗಲಿಲ್ಲ.

“ಎಂತ ಬರೆದ್ಲು?”

“ಅದರ ಮೂಗು ಮುಚ್ಚುವ ಬದಲು ನಿಮ್ಮ ಬಾಯಿ ಮುಚ್ಚಬಹುದಿತ್ತಂತೆ.”

ಮಾವ ನಕ್ಕರು, ನಗುವಾಗಲೇ ಕಣ್ಣೊರೆಸಿಕೊಂಡರು. ಅಮ್ಮ ಅಣ್ಣನ ಹೆಗಲಿಗೆ ಮೆಲ್ಲನೆ ಒಂದು ಗುದ್ದು ಕೊಟ್ಟಳು. ಯಂತ್ರವನ್ನು ಕತ್ತರಿಸುವ ವಿಷಯಕ್ಕೆ ಅವಳು ತಡಮಾಡದೆ ತಲೆಯಾಡಿಸಿದಳು. ಮೂಕವಾದ ಯಂತ್ರವನ್ನು ಕಾಪಾಡಿಕೊಂಡು ಕೂರುವ ಜೀವ ಅವಳದಲ್ಲ. ಆದರೆ ಫಲಕವನ್ನು ಎಲ್ಲಿ ಕೂರಿಸುವುದು ಎಂದು ಬಂದಾಗ ಅವಳ ಮುಖ ಬಿಗಿಯಿತು. ಅಂಗೈಯನ್ನು ಮತ್ತೆ ಹಿಡಿದು ಬರೆದಳು: ‘ನಿನಗೆ ಮುತ್ತು. ನನ್ನ ಚಿಂತೆ ಬೇಡ.’

“ಅವಳು ಹೇಳುದು ಸರಿ ಮಗಾ,” ಎಂದರು ಮಾವ. “ನಿನಗೆ ಬಾಳಿಗೆ ಸಿಗುದು ಒಂದೇ. ಲ್ಯಾಬಿನ ಕೆಲಸಕ್ಕೆ ವೇಗ ಬೇಕು ಅಂತ ನೀನೇ ಹೇಳಿದ್ದಿ. ಅಮ್ಮನ ಫಲಕಕ್ಕೋಸ್ಕರ ಏಡಿ ಕಟ್ಟಿಕೊಂಡು, ಬೆಳಿಗ್ಗೆ ಅದನ್ನು ದಕ್ಕೆಗೆ ಕಳಿಸಿ, ನೀನೆಂತ ಮಾಡುದು? ಫಲಕ ಸೀಳಿ ಹೋದ್ರೆ ಅದೂ ಇಲ್ಲ ಇದೂ ಇಲ್ಲ.”

ಸ್ವಸ್ತಿ ಎಂದಿನಂತೆ ನೆಲ ನೋಡಿದಳು. ನೆಲ ನೋಡಿಕೊಂಡೇ ಮಾತು ಶುರುವಾಯಿತು.

“ಫಲಕ ಸೀಳಿದ್ರೂ ನನಗೆ ಏಡಿಯೇ ಬೇಕು.”

“ಎಂತ?”

“ಅಮ್ಮನಿಗೋಸ್ಕರ ಮಾತ್ರ ಅಲ್ಲ ಮಾವ. ಅಂಗಡಿಯಲ್ಲೇ ನನಗೆ ಅದು ಬೇಕೂಂತ ಅನ್ನಿಸಿತ್ತು. ಹೇಳ್ಲಿಕ್ಕೆ ಆಗ್ಲಿಲ್ಲ. ಮುತ್ತು ಇವತ್ತು ಎಷ್ಟು ಬುದ್ಧಿವಂತವೋ ಕೊನೆವರೆಗೂ ಅಷ್ಟೇ. ನನಗೆ ಇಪ್ಪತ್ಮೂರು. ನನಗೆ ನಲ್ವತ್ತಾಗುವಾಗ ನಾನು ಎಂತ ಮಾಡ್ತೇನೆ ಅಂತ ನನಗೇ ಗೊತ್ತಿಲ್ಲ, ಅದನ್ನು ಅಂಟು ಹಾಕಿದವನಿಗೆ ಹೇಗೆ ಗೊತ್ತಿರ್ತದೆ? ಏಡಿ ಈಗ ನಿಧಾನ ಹೌದು. ಆದ್ರೆ ಮೆಮೊರಿ ಹೆಚ್ಚಿಸ್ಬಹುದು, ಒಳಗಿನ ಬೋರ್ಡು ಬದಲಿಸ್ಬಹುದು, ಬಿಚ್ಚಿ ಒರೆಸ್ಬಹುದು. ಬಿಡಿಭಾಗ ಕೊಡುದನ್ನು ನಿಲ್ಲಿಸುವ ಹಾಗಿಲ್ಲ ಅಂತ ಕಾಯ್ದೆಯೇ ಉಂಟು. ಅದು ನಿಧಾನಕ್ಕೆ ಬೆಳೀತದೆ. ನಾನೂ ಹಾಗೇ ಅಲ್ವಾ? ನೀವು ಯಾರೂ ನನ್ನನ್ನು ಕೊಟ್ಟು ಬೇರೆ ತಕೊಳ್ಳುವ ಅಂತ ಹೇಳ್ಲಿಲ್ಲ.”

ಅವಳು ಅಷ್ಟುದ್ದ ಮಾತಾಡಿದ್ದನ್ನು ಮಾವ ಹಿಂದೆ ಕೇಳಿರಲಿಲ್ಲ. ಅವರು ತಂಗಿಯ ಕಡೆ ನೋಡಿದರು. ತಂಗಿ ಮಗಳನ್ನು ನೋಡುತ್ತಿದ್ದಳು.

“ಅಂಗಡಿಯ ಹುಡುಗಿಗೆ ನಾಳೆ ಫೋನ್ ಮಾಡ್ತೇನೆ,” ಎಂದರು ಮಾವ. ಆಮೇಲೆ ಗೊಣಗಿದರು: “ಆದ್ರೂ ಆ ಸ್ಕ್ರೂಗಳು! ನೆಂಟರಿಗೆ ಹೇಗೆ ತೋರಿಸುದು ಮಾರಾಯ್ತಿ?”

* * *

ಕತ್ತರಿಸುವ ದಿನ ಗಾಜಿನ ಪೆಟ್ಟಿಗೆಯೊಳಗೆ ಯಂತ್ರದ ಕೈ ಕೂದಲೆಳೆಯಂಥ ಬಿಸಿತಂತಿಯನ್ನು ಮುತ್ತಿನ ಅಂಚಿನಲ್ಲಿ ಎಳೆಯಿತು. ಮುಚ್ಚಳ ಎತ್ತಿದಾಗ ಎಲ್ಲರೂ ಬಗ್ಗಿದರು. ಒಳಗೆ ಪರದೆಯ ಸಂದಿಯ ಉದ್ದಕ್ಕೂ ಹಸಿರು ಪಾಚಿಯಂತೆ ತುಕ್ಕು ಹಬ್ಬಿತ್ತು. ಉಂಗುರದ ಹಿಂದಿನ ಪೊರೆಯ ಮೇಲೆ ಪದರ ಪದರವಾಗಿ ವರ್ಷ ವರ್ಷದ ಗಂಧ ಕೂತಿತ್ತು, ಹೆಬ್ಬಾರರು ಅದರ ಚಿತ್ರವನ್ನು ಮತ್ತೆ ಮತ್ತೆ ತೆಗೆಸಿದರು. ಹಸಿರು ಸ್ವರಫಲಕದ ಅಂಚನ್ನು ಮುಟ್ಟಿತ್ತು. ನಡುವಿಗೆ ಇನ್ನೂ ಬಂದಿರಲಿಲ್ಲ.

ಅಂಟನ್ನು ಕರಗಿಸುವ ಕೆಲಸ ಬೆಳಗಿನಿಂದ ಮಧ್ಯಾಹ್ನದ ಊಟದ ಹೊತ್ತನ್ನು ದಾಟಿತು. ಫಲಕ ಕೊನೆಯ ಮೂಲೆಯಿಂದ ಬಿಡುವಾಗ ಟಿಕ್ ಎಂದು ಸಣ್ಣ ಸದ್ದಾಯಿತು. ವಿಲ್ಮಾ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. ಅಮ್ಮ ಮಾತ್ರ ಬೆಂಚಿನ ಮೇಲೆ ನೆಟ್ಟಗೆ ಕೂತು, ಎದುರು ನಿಂತ ಹೆಬ್ಬಾರರನ್ನು ಎವೆಯಿಕ್ಕದೆ ನೋಡುತ್ತಿದ್ದಳು.

ಫಲಕವನ್ನು ತೊಳೆದು, ಬೆಚ್ಚನೆಯ ಗಾಳಿಯಲ್ಲಿ ಒಣಗಿಸಿದರು. ಸ್ವಸ್ತಿಯ ಏಡಿ ಮೇಜಿನ ಮೇಲೆ ಬೆನ್ನು ತೆರೆದು ಮಲಗಿತ್ತು. ಪಕ್ಕದ ಕಿಂಡಿಯ ಸ್ಕ್ರೂ ಬಿಚ್ಚಿದವಳು ಅವಳೇ. ಎರಡನೆಯ ಸಲಕ್ಕೆ ಫಲಕ ಸರಿಯಾಗಿ ಕೂತಿತು. ಮುಚ್ಚಳ ಹಾಕಿ, ಪಟ್ಟಿಯನ್ನು ಅಮ್ಮನ ಕುತ್ತಿಗೆಗೆ ಕಟ್ಟಿ, ಗುಂಡಿ ಒತ್ತಿದಳು.

ಪರದೆ ಬೆಳಗಿತು. ಅಮ್ಮನ ತುಟಿ ಆಡಿತು. ದನಿಯಿಲ್ಲ.

“ನಿಧಾನದ ಯಂತ್ರ,” ಎಂದಳು ಸ್ವಸ್ತಿ, ಯಾರಿಗೆ ಎಂದಿಲ್ಲದೆ. “ಸ್ವಲ್ಪ ಹೊತ್ತು ಬೇಕು.”

ಮಾವ ಬಾಗಿಲ ಬಳಿ ಮುಖ ತಿರುಗಿಸಿ ನಿಂತರು. ಅಮ್ಮ ಮತ್ತೆ ತುಟಿ ಆಡಿಸಿದಳು. ಏಡಿಯೊಳಗೆ ಏನೋ ಗುರುಗುಟ್ಟಿತು, ಗಂಟಲು ಸರಿಮಾಡಿಕೊಂಡ ಹಾಗೆ.

“...ಗುಂಡಿ! ಸರ್, ನಿಮ್ಮ ಅಂಗಿಯ ಗುಂಡಿ ಒಂದು ಮನೆ ತಪ್ಪಿ ಹಾಕಿದ್ದೀರಿ. ಬೆಳಿಗ್ಗೆಯಿಂದ ಹೇಳ್ಬೇಕು ಹೇಳ್ಬೇಕು ಅಂತ ಒದ್ದಾಡ್ತಾ ಇದ್ದೇನೆ!”

ಹೆಬ್ಬಾರರು ಗಾಬರಿಯಿಂದ ಎದೆ ನೋಡಿಕೊಂಡರು. ಕೋಣೆಯಿಡೀ ನಕ್ಕಿತು. ದನಿ ಮೊದಲಿಗಿಂತ ಸ್ವಲ್ಪ ಒರಟಾಗಿತ್ತು, ನೆಗಡಿಯಾದವರ ಹಾಗೆ ಕೆಲವು ಅಕ್ಷರಗಳು ಮೂಗಿನಲ್ಲಿ ಬರುತ್ತಿದ್ದವು. ಅಂಚಿನ ಹಸಿರು ಅಷ್ಟನ್ನು ತಿಂದಿತ್ತು. ಆದರೆ ಅದು ಅಮ್ಮನದೇ ದನಿ. ಮಾವ ಬಂದು ತಂಗಿಯ ಎರಡೂ ಕೈ ಹಿಡಿದರು, ಏನೂ ಹೇಳಲಿಲ್ಲ. “ಏನು ಉಮಣ್ಣಾ, ನಿನ್ನದರ ಬ್ಯಾಟರಿ ಹೋಯ್ತಾ?” ಎಂದಿತು ಏಡಿ.

ಹೆಜಮಾಡಿಗೆ ಮರಳುವ ಬಸ್ಸಿನಲ್ಲಿ ಅಮ್ಮ ಬಾಯಿ ಮುಚ್ಚಲಿಲ್ಲ. ಅಷ್ಟು ದಿನ ಅಂಗೈಯಲ್ಲಿ ಹಿಡಿಸದೆ ಉಳಿದದ್ದೆಲ್ಲ ಹೊರಗೆ ಬಂತು. ದಕ್ಕೆಯಲ್ಲಿ ತನ್ನ ಜಾಗದಲ್ಲಿ ಕೂತವಳ ಮೇಲೆ ದೂರು, ಮಾವನ ಕೈಯ ಸಾರಿನ ಮೇಲೆ ದೂರು, ಪಕ್ಕದ ಸೀಟಿನ ಮಗುವಿಗೆ ಒಂದು ಕಥೆ. ಏಡಿ ಸ್ವಸ್ತಿಯ ಮಡಿಲಲ್ಲಿ ಬೆಚ್ಚಗೆ ಉಸಿರಾಡುತ್ತಿತ್ತು. ಬೆಳಿಗ್ಗೆ ಅದು ಅಮ್ಮನ ಜೊತೆ ದಕ್ಕೆಗೆ, ಮಧ್ಯಾಹ್ನದ ಮೇಲೆ ಅವಳ ಜೊತೆ ಗುಡ್ಡೆಗೆ ಎಂದು ಮಾತಾಗಿತ್ತು. ಕರಾವಳಿಯ ಸತ್ತ ಮುತ್ತುಗಳನ್ನೆಲ್ಲ ತೆರೆದು, ಒಳಗೆ ಕೆಡದೆ ಉಳಿದ ಫಲಕಗಳನ್ನು ಬಿಡಿಸುವ ಕೆಲಸಕ್ಕೆ ಒಬ್ಬರು ಬೇಕು, ಮನೆಮನೆಗೆ ಹೋಗಿ ಜನರೊಡನೆ ಮಾತಾಡಬೇಕಾಗುತ್ತದೆ, ಬರುತ್ತೀರಾ ಎಂದು ಹೆಬ್ಬಾರರು ಹೊರಡುವಾಗ ಕೇಳಿದ್ದರು. ನಾಳೆ ಹೇಳುತ್ತೇನೆ ಎಂದು ಬಂದಿದ್ದಳು.

“ಅವಳಿಂದ ಆಗುದಿಲ್ಲ ಅಂತ ನಾನೇ ಅವರಿಗೆ ಫೋನ್ ಮಾಡಿ ಹೇಳ್ತೇನೆ,” ಎನ್ನುತ್ತಿದ್ದಳು ಅಮ್ಮ ಮಾವನ ಕಡೆ ತಿರುಗಿ. “ಜನರ ಮುಂದೆ ಅವಳಿಗೆ ಮಾತೇ ಹೊರಡುದಿಲ್ಲ, ಪಾಪ, ಬೇರೆ ಯಾರನ್ನಾದ್ರೂ ನೋಡಿ ಅಂತ...”

“ಅಮ್ಮಾ,” ಎಂದಳು ಸ್ವಸ್ತಿ, “ಒಂದು ನಿಮಿಷ ಸುಮ್ಮನಿರು. ನಾನು ಹೋಗ್ತೇನೆ.”

ಬಸ್ಸಿನಲ್ಲಿ ಒಂದಿಬ್ಬರು ತಿರುಗಿ ನೋಡುವಷ್ಟು ಜೋರಾಗಿತ್ತು ಅದು. ಅಮ್ಮ ಬಾಯಿ ತೆರೆದವಳು ಹಾಗೆಯೇ ಮುಚ್ಚಿದಳು. ಮಗಳ ಕಡೆಗೆ ಪೂರ್ತಿ ತಿರುಗಿ ಕೂತು, ಮುಂದಿನದನ್ನು ಹೇಳು ಎಂಬಂತೆ ಕಾದಳು.